ಹಗಲಿನಲ್ಲಿ ಆರಿಸಿದ ಕಂಡಿಕಿ

ಡೇ ಎಂಬ ಮಾತು ನಮ್ಮ ಮನೆಗೆ ಬಂದದ್ದು ಅಣ್ಣನ ಬಾಯಿಂದ. ಸಂಸ್ಥಾನ ಹೋಗಿ ಮುಂಬಯಿ ಸರ್ಕಾರ ಬಂದು ಕೆಲವು ವರ್ಷಗಳಾಗಿದ್ದವು. ಬನಹಟ್ಟಿಯಲ್ಲಿ ಕರೆಂಟಿನ ಮಗ್ಗದ ಶೆಡ್ಡುಗಳು ಒಂದೊಂದಾಗಿ ಏಳುತ್ತಿದ್ದವು. ರಬಕವಿಯ ನಮ್ಮ ಓಣಿಯ ಪ್ರಾಯದ ಗಂಡಸರು ಮನೆಯ ಕುಣಿಮಗ್ಗ ಬಿಟ್ಟು ಎದ್ದು ಹೋಗಿ ಆ ಶೆಡ್ಡುಗಳಲ್ಲಿ ನಿಂತರು. ಎದ್ದು ಹೋಗಿ ನಿಂತರು ಎನ್ನುವುದು ಬರೀ ಮಾತಲ್ಲ. ಕುಣಿಮಗ್ಗದಲ್ಲಿ ನೇಕಾರ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುತ್ತಾನೆ. ಕರೆಂಟಿನ ಮಗ್ಗಕ್ಕೆ ಕೂತ ಮನುಷ್ಯ ಬೇಡ.

"ಈ ವಾರ ನಾ ಡೇ ಅದೇನಿ," ಎಂದು ಅಣ್ಣ ಅವ್ವನಿಗೆ ಹೇಳಿದ. ಹಗಲಿನ ಪಾಳಿ, ರೊಟ್ಟಿ ಬೇಗ ಬಡಿಯಬೇಕು ಎಂಬುದು ಅದರ ಅರ್ಥ. ಅವ್ವ ಅದನ್ನು ತಡಮಾಡದೆ ಕಲಿತಳು. ಬಾವಿಯ ಹತ್ತಿರ ಹೆಂಗಸರು ಮಾತಾಡುವಾಗ ಅವರಾಂವ ಡೇ, ನಮ್ಮಾಂವ ನೈಟು ಎನ್ನುತ್ತಿದ್ದರು. ಮನುಷ್ಯನೇ ಹಗಲು, ಮನುಷ್ಯನೇ ರಾತ್ರಿ.

ನನಗೆ ಆ ಶಬ್ದ ಮೊದಲೇ ಗೊತ್ತಿತ್ತು. ಅಣ್ಣ ಸಂಸ್ಥಾನದ ಕಾಲದಲ್ಲಿ ಎರಡು ವರ್ಷ ಇಂಗ್ಲಿಷ್ ಶಾಲೆಗೆ ಹೋಗಿ ಬಿಟ್ಟವನು. ಅವನ ಪುಸ್ತಕ ಮಾಡಿನ ಮೂಲೆಯಲ್ಲಿ ಉಳಿದಿತ್ತು. ನನ್ನ ಮದುವೆ ಹನ್ನೆರಡರಲ್ಲಿ ಆಗಿ, ನಾನು ಗಂಡನ ಮನೆಗೆ ನಡೆಯಲು ಹೋಗುವ ಮೊದಲೇ ಆ ಮನೆಯ ಹುಡುಗ ಜ್ವರದಲ್ಲಿ ತೀರಿಕೊಂಡಿದ್ದ. ಆಮೇಲೆ ನನಗೆ ಬೇಕಾದಷ್ಟು ಪುರುಸೊತ್ತಿತ್ತು. ಆ ಪುಸ್ತಕದಲ್ಲಿ ಡೇ ಎಂಬ ಪಾಠದ ಮೇಲೆ ಒಂದು ಗುಡ್ಡ, ಒಂದು ಸೂರ್ಯ, ಒಂದು ಹಕ್ಕಿ ಇದ್ದವು. ಬದಿಗೆ ಅಣ್ಣ ಪೆನ್ಸಿಲಿನಲ್ಲಿ ಬರೆದಿದ್ದ: ಹಗಲು. ಸೂರ್ಯ ಹುಟ್ಟಿದಾಗಿನಿಂದ ಮುಳುಗುವ ತನಕ.

ಶೆಡ್ಡಿನ ಡೇದಲ್ಲಿ ಸೂರ್ಯ ಇರಲಿಲ್ಲ. ನಾನು ಒಮ್ಮೆ ಅಣ್ಣನಿಗೆ ಬುತ್ತಿ ಕೊಡಲು ಹೋಗಿ ನೋಡಿದ್ದೇನೆ. ಗೋಡೆಯ ಮೇಲ್ತುದಿಯಲ್ಲಿ ಜಾಳಿಗೆ. ಅದಕ್ಕೂ ಹತ್ತಿಯ ಧೂಳು ಕಟ್ಟಿ ಮುಚ್ಚಿಹೋಗಿತ್ತು. ಮಟಮಟ ಮಧ್ಯಾಹ್ನದಲ್ಲಿ ಹಳದಿ ಬಲ್ಬುಗಳು ಉರಿಯುತ್ತಿದ್ದವು. ಅಲ್ಲಿ ಡೇ ಎಂದರೆ ಒಂದು ಭೋಂಗಾದಿಂದ ಇನ್ನೊಂದು ಭೋಂಗಾದ ತನಕ. ಭೋಂಗಾ ಕೂಗಿದರೆ ಹಗಲು ಶುರು, ಕೂಗಿದರೆ ಮುಗಿಯಿತು.

ನಮ್ಮ ಮನೆಯಲ್ಲಿ ಹಗಲನ್ನು ಹಾಗೆ ಒಂದೇ ತುಂಡಾಗಿ ಯಾರೂ ನೋಡಿರಲಿಲ್ಲ. ನಸುಕಿನಲ್ಲಿ ಓಣಿಯುದ್ದಕ್ಕೆ ಹಾಸು, ಎಂದರೆ ಉದ್ದದ ಎಳೆಗಳನ್ನು, ಎಳೆದು ಕಟ್ಟಿ ಗಂಜಿ ಬಳಿಯುವುದು, ಬಿಸಿಲು ಬಿದ್ದರೆ ಎಳೆ ಬಿರುಸಾಗುತ್ತದೆ ಎಂದು. ಹೊತ್ತು ಏರುವಾಗ ಬಣ್ಣ ನೋಡುವುದು. ಮಧ್ಯಾಹ್ನ ಸೀರೆಯ ಸಾದಾ ಒಡಲು ನೇಯುವುದು, ಅದಕ್ಕೆ ಕಣ್ಣಿನ ಕೆಲಸ ಕಡಿಮೆ. ಇಳಿಹೊತ್ತಿನಲ್ಲಿ ಹರಿದ ಎಳೆ ಗಂಟು ಹಾಕುವುದು. ಮುಚ್ಚಂಜಿಗೆ ಎದ್ದು ಕೈಕಾಲು ತೊಳೆದು, ಮತ್ತೆ ಕಂದೀಲು ತೂಗಿಬಿಟ್ಟು ಒಂದು ಗಳಿಗೆ ನೇಯುವುದು. ಇವುಗಳಲ್ಲಿ ಒಂದು ಮಾತ್ರ ಮುರಿಯುವಂತಿರಲಿಲ್ಲ. ಬಣ್ಣ ಆರಿಸುವುದು ಹಗಲಿನಲ್ಲಿ, ಹೊಸ್ತಿಲ ಮೇಲೆ, ಹೊತ್ತು ಏರುವಾಗ. ಇಳಿಹೊತ್ತಿನ ಬಿಸಿಲಿಗೆ ಕೆಂಪು ಇರುತ್ತದೆ, ಅದು ಎಲ್ಲ ನೂಲಿಗೂ ತನ್ನ ಬಣ್ಣ ಹಚ್ಚುತ್ತದೆ. ಕಂದೀಲಿನ ಬೆಳಕಂತೂ ಕಳ್ಳ. ಅದರ ಮುಂದೆ ಹಸಿರೂ ನೀಲಿಯೂ ಅಕ್ಕತಂಗಿಯರ ಹಾಗೆ ಒಂದೇ ಮುಖ ಮಾಡಿಕೊಂಡು ನಿಲ್ಲುತ್ತವೆ. ದೀಪದಲ್ಲಿ ಬಣ್ಣ ಆರಿಸಿದವನನ್ನು ನಮ್ಮಲ್ಲಿ ನೇಕಾರ ಎನ್ನುತ್ತಿರಲಿಲ್ಲ.

ಅಪ್ಪನ ಕಣ್ಣು ಮೊದಲು ಬಣ್ಣ ಬಿಟ್ಟಿತು. ಯಾವಾಗ ಎಂದು ನನಗೆ ತಿಳಿಯದು. ಈಗ ಕೂತು ನೆನೆಯುವಾಗ, ಒಂದು ದಿನ ನೂಲಿನ ಲಡಿ ಹಿಡಿದು ಅಪ್ಪ ಹೊಸ್ತಿಲಲ್ಲಿ ಬಹಳ ಹೊತ್ತು ನಿಂತದ್ದು, ಆಮೇಲೆ ನನ್ನನ್ನು ಕರೆದದ್ದು ಕಾಣುತ್ತದೆ. ಆದರೆ ಹಾಗೆ ಒಂದೇ ದಿನ ಆಗಿರಲಾರದು. ನಾನೇ ಹಲವು ದಿನಗಳನ್ನು ಒಂದಕ್ಕೊಂದು ಗಂಟು ಹಾಕಿ ಒಂದು ದಿನ ಮಾಡಿಕೊಂಡಿರಬೇಕು. "ಯವ್ವಾ, ಇದನ್ನಷ್ಟ ನೋಡಿಲ್ಲಿ, ನನ್ನ ಕಣ್ಣಾಗ ಏನೋ ಬಿದ್ದೈತಿ," ಎಂದದ್ದು ಮಾತ್ರ ನಿಜ. ಆಮೇಲೆ ದಿನಾಲೂ ಕಣ್ಣಲ್ಲಿ ಏನೋ ಬಿದ್ದಿರುತ್ತಿತ್ತು. ದಿನಾಲೂ ನಾನು ನೋಡುತ್ತಿದ್ದೆ.

ನೇಯ್ಗೆಯಲ್ಲಿ ಮಾತ್ರ ಏನೂ ಕೆಟ್ಟಿರಲಿಲ್ಲ. ಎಳೆ ಹರಿದರೆ ಅಪ್ಪನಿಗೆ ಸಪ್ಪಳದಲ್ಲೇ ತಿಳಿಯುತ್ತಿತ್ತು. ಲಾಳಿಯನ್ನು ಅರ್ಧಕ್ಕೆ ನಿಲ್ಲಿಸಿ, ಹಾಸಿನ ಮೇಲೆ ಅಂಗೈ ಆಡಿಸಿ, ಹರಿದ ಎಳೆಯನ್ನು ಇರುವೆ ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿಯುತ್ತಿದ್ದ. ದಡಿ ಬಿಗಿಯಾಗಿ ಬರುತ್ತಿತ್ತು. ಸೀರೆ ಮುಗಿದ ಮೇಲೆ ತಾನೇ ಹೆಗಲ ಮೇಲೆ ಹಾಕಿಕೊಂಡು ಬನಹಟ್ಟಿಯ ಸಾವಕಾರನ ಅಂಗಡಿಗೆ ಹೋಗುತ್ತಿದ್ದ. ಸಾವಕಾರ ಮಡಿಕೆ ಬಿಚ್ಚದೆ ಒಳಗಿಡುತ್ತಿದ್ದ. ಅಪ್ಪನ ಸೀರೆಯನ್ನು ಬಿಚ್ಚಿ ನೋಡುವುದು ಅಪಮಾನ ಎಂದು ಅವನಿಗೂ ಗೊತ್ತಿತ್ತು.

ಅಷ್ಟರಲ್ಲಿ ಅವ್ವನೂ ಡೇ ಆದಳು. ಶೆಡ್ಡಿನಲ್ಲಿ ನೂಲು ಸುತ್ತುವ ಕೆಲಸಕ್ಕೆ ಹೆಂಗಸರನ್ನು ತೆಗೆದುಕೊಳ್ಳುತ್ತಿದ್ದರು, ಹೆಂಗಸರಿಗೆ ನೈಟು ಇರಲಿಲ್ಲ. ಅಣ್ಣನಿಗೂ ಆಗ ಕಾಯಂ ಡೇ ಸಿಕ್ಕಿತ್ತು. ಬೆಳಗಿನ ಭೋಂಗಾಕ್ಕೆ ಅಣ್ಣ ಅವ್ವ ಇಬ್ಬರೂ ಹೊರಟರೆ ಸಂಜೆಯ ತನಕ ಮನೆಯಲ್ಲಿ ನಾನು ಮತ್ತು ಅಪ್ಪ. ಅಪ್ಪ ಕುಣಿಯಲ್ಲಿ, ನಾನು ರಾಟಿಯ ಮುಂದೆ. ಲಡಿಯ ನೂಲನ್ನು ಕಂಡಿಕಿಗೆ ಸುತ್ತುವುದು ನನ್ನ ಕೆಲಸ. ಕಂಡಿಕಿ ಎಂದರೆ ಲಾಳಿಯ ಹೊಟ್ಟೆಯೊಳಗೆ ಕೂಡುವ, ಬೆರಳುದ್ದದ ನೂಲಿನ ಉಂಡೆ. ಒಂದೊಂದು ಬಣ್ಣದ ಕಂಡಿಕಿಗಳನ್ನು ಒಂದೊಂದು ಬುಟ್ಟಿಯಲ್ಲಿ ಹಾಕಿ ಅಪ್ಪನ ಎಡಕ್ಕೆ ಬಲಕ್ಕೆ ಇಡುತ್ತಿದ್ದೆ. ಅಪ್ಪನ ಕೈ ಬುಟ್ಟಿಗೆ ಹೋಗುತ್ತಿತ್ತು, ಕಣ್ಣು ಹೋಗುತ್ತಿರಲಿಲ್ಲ.

ಅದೇ ವರ್ಷ ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ. ಜಮಖಂಡಿಯಲ್ಲಿ ಹೆಣ್ಣುಮಕ್ಕಳ ಟ್ರೇನಿಂಗ್ ಶಾಲೆಗೆ ಅರ್ಜಿ ಹಾಕಿದ್ದೆ. ಎರಡು ವರ್ಷ ಅಲ್ಲೇ ಇದ್ದು ಕಲಿತರೆ ಮಾಸ್ತರಿಕೆ. ಗಂಡ ಸತ್ತವಳಿಗೆ ನಮ್ಮ ಓಣಿಯಲ್ಲಿ ಇದ್ದ ದಾರಿಗಳು ನನಗೆ ಗೊತ್ತಿದ್ದವು. ಒಂದು, ಬೀಳಗಿಯ ಕಡೆಯ ಒಬ್ಬ ಹೆಂಡತಿ ಸತ್ತ ಗಂಡಸು, ಮೂರು ಮಕ್ಕಳ ತಂದೆ. ಅವನ ಮನೆಯವರು ಎರಡು ಸಲ ಬಂದು ಹೋಗಿದ್ದರು. ಇನ್ನೊಂದು ಈ ರಾಟಿ. ಆ ಅರ್ಜಿಯೊಂದೇ ನಾನು ನನ್ನ ಕೈಯಿಂದ ಬರೆದ ದಾರಿ. ಜಾಗ ಸಿಕ್ಕಿದೆ ಎಂದು ಕಾಗದ ಬಂದಾಗ ಅಪ್ಪ ಅದನ್ನು ಕೈಯಲ್ಲಿ ಹಿಡಿದು, ಅಕ್ಷರಗಳ ಮೇಲೆ ಬೆರಳಾಡಿಸಿ, ಛಲೋ ಆತು ಎಂದ.

ಹೋಗುವ ಮೊದಲು ಅಪ್ಪನ ಕಣ್ಣು ಮಿರಜಿನಲ್ಲಿ ತೋರಿಸಿ ಬರಬೇಕೆಂದು ಅವ್ವ ಹಟ ಹಿಡಿದಳು. ಅಣ್ಣನಿಗೆ ರಜೆ ಇಲ್ಲ. ನಾನೇ ಕರೆದುಕೊಂಡು ಹೋದೆ. ತೇರದಾಳದ ಮೇಲೆ ಹಾದು ಕುಡಚಿಗೆ ಬಸ್ಸು, ಅಲ್ಲಿಂದ ರೈಲು. ದೊಡ್ಡ ಡಾಕ್ಟರರು ಅಪ್ಪನ ಕಣ್ಣೊಳಗೆ ದೀಪ ಬಿಟ್ಟು ಬಹಳ ಹೊತ್ತು ನೋಡಿದರು. ಒಂದು ಚೀಟಿ ಬರೆದು ಕಂಪೌಂಡರನಿಗೆ ಕೊಟ್ಟರು. ಅಪ್ಪ ಹೊರಗೆ ಬಾಕಿನ ಮೇಲೆ ಕೂತಿದ್ದ. ಕಂಪೌಂಡರ ನಮ್ಮ ಕಡೆಯ ಮನುಷ್ಯ, ಕನ್ನಡ ಬಲ್ಲವ. ನನ್ನನ್ನು ಕಿಟಕಿಯ ಹತ್ತಿರ ಕರೆದು ಮೆಲ್ಲಗೆ ಹೇಳಿದ.

"ನರಾ ಒಣಗ್ಯಾವವ್ವಾ. ಪೊರಿ ಆಗಿದ್ರ ತಗೀತಿದ್ರು, ಇದು ಪೊರಿ ಅಲ್ಲ. ಈಗ ನೆರಳ ಕಂಡಂಗ ಕಾಣತೈತಿ. ಇನ್ನ ಸ್ವಲ್ಪ ದಿನಕ್ಕ ಹಗಲು ರಾತ್ರಿ ಅಷ್ಟ ತಿಳೀತಾವ. ಆಮ್ಯಾಲ ಅದೂ ಇಲ್ಲ."

ಇದಕ್ಕೆ ಏನು ಔಷಧ ಎಂದು ಕೇಳಿದೆ. ಕಣ್ಣಿಗೆ ಬಿಡಲು ಹನಿ ಕೊಟ್ಟಿದೆ, ನೋವು ಕಡಿಮೆ ಮಾಡುತ್ತದೆ ಎಂದ. ಮನೆಯಲ್ಲಿ ಯಾರಾದರೂ ಸದಾ ಜೊತೆಗೆ ಇರಬೇಕು ಎಂದ. ಚೀಟಿ ನನ್ನ ಕೈಯಲ್ಲಿಟ್ಟ. ಡಾಕ್ಟರರ ಅಕ್ಷರ ಜೇಡನ ಕಾಲಿನ ಹಾಗಿತ್ತು. ಅದರಲ್ಲಿ ನನಗೆ ಓದಲು ಬಂದದ್ದು ಒಂದೇ ಶಬ್ದ: ಡೇ. ಗುಡ್ಡ, ಸೂರ್ಯ, ಹಕ್ಕಿ ಇದ್ದ ಪಾಠದ ಡೇ. ಅಣ್ಣನ ಶೆಡ್ಡಿನ ಡೇ. ಈ ಚೀಟಿಯಲ್ಲಿ ಅದು ಅಪ್ಪನಿಗೆ ಇನ್ನೂ ಉಳಿದಿದ್ದ ಒಂದೇ ವಸ್ತು, ಅದೂ ಕೆಲವು ದಿನದ ಮಟ್ಟಿಗೆ.

ಸದಾ ಜೊತೆಗೆ ಇರಬೇಕು ಎಂದರೆ ಯಾರು? ಅಣ್ಣ ಡೇ, ಅವ್ವ ಡೇ. ಹಗಲು ಮನೆಯಲ್ಲಿ ಉಳಿಯುವ ಕಣ್ಣು ನನ್ನದೊಂದೇ.

ರೈಲಿನಲ್ಲಿ ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಕುಡಚಿಯ ಹೊಳೆಯ ಸೇತುವೆ ಬಂದಾಗ ಸಪ್ಪಳ ಕೇಳಿ, ಹೊಳಿ ಬಂತೇನ ಎಂದು ಕೇಳಿದ. ಬಂತು ಎಂದೆ. ನೀರು ಐತೇನ ಎಂದ. ಐತಿ ಎಂದೆ. ಸೇತುವೆ ದಾಟಿದ ಮೇಲೆ ಡಾಕ್ಟರು ಏನಂದರು ಎಂದು ಕೇಳಿದ. ಇಷ್ಟು ಹೊತ್ತು ಯಾಕೆ ಕೇಳಲಿಲ್ಲವೋ ಗೊತ್ತಿಲ್ಲ. ನನಗೆ ಹೇಳಲು ಒಂದು ಹೊಳೆಯಷ್ಟು ಅವಕಾಶ ಕೊಟ್ಟನೇನೋ.

"ಇದ್ದಷ್ಟು ಇರತೈತಂತಪಾ. ದೀಪದಾಗ ನೇಯಬ್ಯಾಡ್ರಿ, ಹಗಲಾಗಷ್ಟ ನೇಯ್ರಿ ಅಂದಾರ."

"ಹಗಲಾಗ ನೇದ್ರ ಸಾಕ?"

"ಸಾಕಂತ."

ಅಪ್ಪ ದೊಡ್ಡ ಉಸಿರು ಬಿಟ್ಟ. ಚೀಟಿ ತೋರಿಸು ಎಂದ. ತೋರಿಸಿದೆ. ಮುಖದ ಹತ್ತಿರ ತಂದು ನೋಡಿ ಮಡಚಿ ಕೊಟ್ಟ. ಅವ್ವನಿಗೂ ಅಣ್ಣನಿಗೂ ನಾನು ಅದನ್ನೇ ಹೇಳಿದೆ. ಮೂರನೆಯ ಸಲ ಹೇಳುವಾಗ ಅದು ಸುಳ್ಳಿನ ಹಾಗೆ ನನಗೇ ಕೇಳಿಸಲಿಲ್ಲ.

ಅಪ್ಪ ಅದನ್ನು ದೇವರ ಮಾತಿನ ಹಾಗೆ ಪಾಲಿಸಿದ. ಇಷ್ಟು ವರ್ಷ ಕಂದೀಲಿನಲ್ಲಿ ನೇಯುತ್ತಿದ್ದ ಒಂದು ಗಳಿಗೆಯನ್ನು ಬಿಟ್ಟ. ದನಗಳು ಓಣಿಗೆ ತಿರುಗಿದ ಸಪ್ಪಳ ಕೇಳಿದರೆ ಲಾಳಿ ಇಟ್ಟು ಕುಣಿಯಿಂದ ಮೇಲೆ ಬರುತ್ತಿದ್ದ. ನಾನೂ ಈಗ ಡೇ ಆದೆನಲ್ಲೋ ಎಂದು ಅಣ್ಣನಿಗೆ ಹೇಳಿ ನಗುತ್ತಿದ್ದ. ನಿನಗ ಭೋಂಗಾ ಯಾರ ಊದತಾರಪಾ ಎಂದು ಅಣ್ಣ ಕಿಚಾಯಿಸಿದರೆ, ನನ್ನ ಭೋಂಗಾಕ್ಕ ನಾಕ ಕಾಲು, ಎರಡ ಕೋಡ ಅದಾವ ಎನ್ನುತ್ತಿದ್ದ. ಆ ಎರಡು ತಿಂಗಳು ನಮ್ಮ ಮನೆಯಲ್ಲಿ ಇದ್ದ ನಗು ನನಗೆ ಚೆನ್ನಾಗಿ ನೆನಪಿದೆ. ಅದು ನನ್ನ ಸುಳ್ಳಿನಿಂದ ಬಂದ ನಗು ಎಂಬುದನ್ನು ಬಿಟ್ಟು ನೆನಪಿಸಿಕೊಳ್ಳಲು ನಾನು ಹಲವು ಸಲ ನೋಡಿದ್ದೇನೆ. ಆಗುವುದಿಲ್ಲ.

ನಾನು ಹೋದ ಮೇಲೆ ಅವ್ವ ಶೆಡ್ಡಿಗೆ ಹೊರಡುವ ಮೊದಲು ಕಂಡಿಕಿ ಆರಿಸಿಟ್ಟು ಹೋಗುವುದು ಎಂದು ನಿಶ್ಚಯವಾಯಿತು. ಆದರೆ ನಾನು ಹೊರಡುವ ವಾರವೇ ಅವ್ವನ ತಂಗಿಗೆ ತೇರದಾಳದಲ್ಲಿ ಬ್ಯಾನಿ ಕಾಣಿಸಿ, ಅವ್ವ ಬಾಣಂತನಕ್ಕೆ ಹೋದಳು. ಮಗ್ಗದ ಮೇಲೆ ಹೊಸ ಸೀರೆ ಏರಿತ್ತು. ನೀಲಿ ಒಡಲು, ಸೆರಗಿನಲ್ಲಿ ಹಸಿರು ಪಟ್ಟಿ. ಅವ್ವ ಬರುವ ತನಕ ಸಾಲುವಷ್ಟು, ಒಂದು ಪೂರ್ತಿ ಸೀರೆಯ ಕಂಡಿಕಿ ಸುತ್ತಿ, ಆರಿಸಿ, ಎರಡು ಬುಟ್ಟಿಗೆ ಹಾಕಿಟ್ಟು ಹೋಗುತ್ತೇನೆ ಎಂದು ನಾನು ಒಪ್ಪಿಕೊಂಡೆ. ಬಲಗಡೆ ನೀಲಿ, ಎಡಗಡೆ ಹಸಿರು.

ಹೊರಡುವ ಹಿಂದಿನ ದಿನ ಮಧ್ಯಾಹ್ನದ ತನಕ ಸುತ್ತಿದೆ. ಅರ್ಧಕ್ಕಿಂತ ಹೆಚ್ಚು ಆಗಿತ್ತು. ಆಮೇಲೆ ಟ್ರಂಕು ಕೇಳಿ ತರಲು ಗೆಳತಿಯ ಮನೆಗೆ ಹೋದೆ. ಟ್ರಂಕು ಕೈಗೆ ಬಂದ ಮೇಲೂ ಕೂತೆ. ಅವಳು ಚುರಮರಿ ಹಚ್ಚಿದಳು. ಟ್ರೇನಿಂಗಿನಲ್ಲಿ ಹೆಂಗಸರಿಗೂ ಕವಾಯತು ಮಾಡಿಸುತ್ತಾರಂತೆ ಎಂದು ಅವಳು ಎದ್ದು ನಿಂತು ಎಡಗಾಲು ಬಲಗಾಲು ಎತ್ತಿ ಮಾಡಿ ತೋರಿಸಿದಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮದುವೆಯಾದ ಹುಡುಗ ಸತ್ತ ಮೇಲೆ ಅಷ್ಟು ನಕ್ಕದ್ದು ಅದೇ ಮೊದಲು. ಮನೆಗೆ ಬಂದಾಗ ಹೊತ್ತು ಇಳಿದಿತ್ತು. ಅವಸರದಲ್ಲಿ ಒಂದು ನೀಲಿ ಲಡಿ, ಒಂದು ಹಸಿರು ಲಡಿ ಎಂದು ಕೈಗೆ ಸಿಕ್ಕಂತೆ ಸುತ್ತಿ ಎಲ್ಲವನ್ನೂ ಒಂದೇ ಮೊರದಲ್ಲಿ ಹಾಕುತ್ತ ಹೋದೆ, ಬೆಳಕು ಹೋಗುವುದರೊಳಗೆ ಬೇರೆ ಮಾಡಿದರಾಯಿತು ಎಂದು. ಬೆಳಕು ಹೋಯಿತು.

ಇಲ್ಲಿ ನನ್ನ ನೆನಪಿನಲ್ಲಿ ಅವ್ವ ಬರುತ್ತಾಳೆ. ಅವ್ವ ಬಾಗಿಲಲ್ಲಿ ಕಂದೀಲು ಹಿಡಿದು ನಿಂತಿದ್ದಾಳೆ, ಲಗೂನ ಮುಗಸ ಬೇ ಎನ್ನುತ್ತಿದ್ದಾಳೆ, ನಾನು ಮೊರದಿಂದ ಒಂದೊಂದೇ ಕಂಡಿಕಿ ಎತ್ತಿ ಬೆಳಕಿಗೆ ಹಿಡಿದು ಬುಟ್ಟಿಗೆ ಹಾಕುತ್ತಿದ್ದೇನೆ. ಬಹಳ ಸ್ಪಷ್ಟವಾದ ನೆನಪು. ಅವ್ವನ ಕೈಯ ಹಸಿರು ಬಳೆ ಕೂಡ ಕಾಣುತ್ತದೆ. ಇದನ್ನು ನಾನು ಎಷ್ಟೋ ವರ್ಷ ನಂಬಿದ್ದೆ. ಆದರೆ ಅವ್ವ ಆ ದಿನ ತೇರದಾಳದಲ್ಲಿದ್ದಳು. ಕಂದೀಲು ಹಿಡಿಯಲು ಯಾರೂ ಇರಲಿಲ್ಲ. ಅದನ್ನು ಹಚ್ಚಿದವಳು ನಾನು, ನೆಲದ ಮೇಲಿಟ್ಟವಳು ನಾನು. ಅವ್ವನ ಬಳೆಯ ಹಸಿರು ಆ ಬೆಳಕಿನಲ್ಲಿ ಹಸಿರಾಗಿ ಕಾಣಿಸಿರುವುದೂ ಸಾಧ್ಯವಿಲ್ಲ.

ಅಪ್ಪ ಕಟ್ಟೆಯ ಮೇಲೆ ಕೂತು ಯಾರೊಂದಿಗೋ ಮಾತಾಡುತ್ತಿದ್ದ. ಮಗಳು ಜಮಖಂಡಿಗೆ ಹೋಗುತ್ತಾಳೆ, ಶಾಲೆ ಕಲಿಸುವ ಬಾಯಾರು ಆಗುತ್ತಾಳೆ ಎಂಬ ಮಾತು ಒಳಗೆ ಕೇಳಿಸುತ್ತಿತ್ತು. ಬಣ್ಣ ಆರಿಸಿದೆಯಾ ಎಂದು ಅಪ್ಪ ಕೇಳಲಿಲ್ಲ. ಹೊತ್ತು ಮುಳುಗಿದ ಮೇಲೆ ಈ ಮನೆಯಲ್ಲಿ ಬಣ್ಣ ಮುಟ್ಟುವವರು ಇರಬಹುದೆಂದು ಅವನಿಗೆ ಹೊಳೆದಿರಲಾರದು.

ಮರುದಿನ ನಸುಕಿಗೆ ಬಸ್ಸು. ನಾನು ಎದ್ದಾಗ ಪೂರ್ವ ಬೆಳ್ಳಗಾಗುತ್ತಿತ್ತು. ಟ್ರಂಕು ಹೊರಗೆ ತರುವಾಗ ಬುಟ್ಟಿಗಳು ಮಗ್ಗದ ಎಡಬಲಕ್ಕೆ ಇದ್ದವು. ಬುಟ್ಟಿ ಎತ್ತಿ ಹೊಸ್ತಿಲಿಗೆ ತಂದು ನೋಡಲು ಎಷ್ಟು ಹೊತ್ತು ಬೇಕಿತ್ತು? ನೋಡಿದರೆ ತಪ್ಪು ಕಾಣಬಹುದು, ತಪ್ಪು ಕಂಡರೆ ಬಸ್ಸು ತಪ್ಪಬಹುದು. ನಾನು ಬುಟ್ಟಿಗಳನ್ನು ನೋಡಲಿಲ್ಲ. ಮರೆತೆ ಎಂದು ಬರೆಯಬಹುದು. ಮರೆತಿರಲಿಲ್ಲ.

ಟ್ರೇನಿಂಗಿನಲ್ಲಿ ನನಗೆ ಎಲ್ಲವೂ ಹಿಡಿಸಿತು. ಕವಾಯತು ನಿಜವಾಗಿ ಇತ್ತು. ಮಧ್ಯಾಹ್ನ ಒಬ್ಬ ಬಾಯಾರು ಇಂಗ್ಲಿಷಿನ ಗಂಧ ಹಚ್ಚಲು ಅರ್ಧ ತಾಸು ಬರುತ್ತಿದ್ದರು. ಸಣ್ಣ ಶಬ್ದಗಳನ್ನು ಹಲಗೆಯ ಮೇಲೆ ಬರೆದು ಅರ್ಥ ಕೇಳುತ್ತಿದ್ದರು. ಒಂದು ದಿನ ಡೇ ಬಂತು. ಹಗಲು ಎಂದು ಎಲ್ಲರೂ ಹೇಳಿದರು. ಹಗಲು ಎಂದರೇನು ಎಂದು ಬಾಯಾರು ತಿರುಗಿ ಕೇಳಿದರು. ಬೆಳಕು ಇರುವ ಹೊತ್ತು ಎಂದಳು ಒಬ್ಬಳು. ಕೆಲಸದ ಹೊತ್ತು ಎಂದಳು ಮುಧೋಳದ ಕಡೆಯ ಇನ್ನೊಬ್ಬಳು. ಎರಡೂ ಸರಿ, ಇಂಗ್ಲಿಷಿನವರು ಎರಡಕ್ಕೂ ಇದೇ ಶಬ್ದ ಹೇಳುತ್ತಾರೆ ಎಂದರು ಬಾಯಾರು. ನನ್ನ ಕಡೆ ನೋಡಿ, ಅದನ್ನು ಇಟ್ಟು ಒಂದು ವಾಕ್ಯ ಮಾಡು ಎಂದರು. ಬೆಳಕಿದ್ದರೂ ಕಾಣದವನಿಗೆ ಅದು ಏನು ಎಂದು ಯೋಚಿಸುತ್ತ ನಾನು ಎದ್ದು ನಿಂತೆ. ಆಗಲೇ ಜವಾನ ಬಂದು, ನಿಮ್ಮ ಅಣ್ಣ ಬಂದಾನ ಎಂದ. ಅದೇ ದಿನವೋ, ಬೇರೆ ದಿನವೋ. ಕಥೆಗೆ ಅನುಕೂಲ ಎಂದು ನಾನೇ ಕೂಡಿಸಿದ್ದೇನೋ. ಅಣ್ಣ ಬಂದದ್ದು ಮಾತ್ರ ಖರೆ.

ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದ. ಕೆಲಸ ಬಿಟ್ಟು ಬಂದಿದ್ದ, ಹಾಗೆ ಅವನು ಬರುವವನಲ್ಲ. ಅಪ್ಪ ಹೋದನೇ ಎಂದು ಕೇಳಿದೆ. ಇಲ್ಲ ಎಂದ. ಆಮೇಲೆ ಹೇಳಿದ.

ಅಪ್ಪ ಸೀರೆ ಮುಗಿಸಿದ್ದ. ನೇಯ್ದ ಹಾಗೆ ಬಟ್ಟೆ ಮುಂದಿನ ಕೊರಡಿಗೆ ಸುತ್ತಿಕೊಳ್ಳುತ್ತ ಹೋಗುತ್ತದೆ. ಮನೆಯಲ್ಲಿ ಹಗಲು ಯಾರೂ ಇಲ್ಲ, ಯಾರೂ ಬಿಚ್ಚಿ ನೋಡಲಿಲ್ಲ. ಮಡಚಿ ಹೆಗಲ ಮೇಲೆ ಹಾಕಿಕೊಂಡು ಸಾವಕಾರನ ಅಂಗಡಿಗೆ ಹೋದ. ಆ ದಿನ ಅಂಗಡಿಯಲ್ಲಿ ಪರಊರಿನ ವ್ಯಾಪಾರಿಗಳು ಕೂತಿದ್ದರು. ಅವರಿಗೆ ತೋರಿಸಲು ಸಾವಕಾರ, ಇದು ನೋಡ್ರಿ ನಮ್ಮ ಹಿರ್ಯಾನ ಕೈ ಎಂದು ಹೆಮ್ಮೆಯಿಂದ ಬಾಗಿಲ ಬಿಸಿಲಿನಲ್ಲಿ ಸೀರೆ ಬಿಚ್ಚಿದ. ನೀಲಿ ಒಡಲಿನ ನಟ್ಟನಡುವೆ ಗೇಣಗಲದ ಹಸಿರು. ಅದರ ಆಚೆ ನೀಲಿ. ಮತ್ತೆ ನಾಲ್ಕು ಬೆರಳು ಹಸಿರು. ಸೆರಗಿನ ಹಸಿರು ಪಟ್ಟಿಯೊಳಗೆ ನೀಲಿಯ ಗೆರೆಗಳು.

ಸಾವಕಾರ ಬೈಯಲಿಲ್ಲವಂತೆ. ಹಸಿರಿನ ಮೇಲೆ ಅಪ್ಪನ ಕೈ ಹಿಡಿದಿಟ್ಟು, ಇದು ಯಾವ ಬಣ್ಣ ಯಜಮಾನ್ರ ಎಂದು ಕೇಳಿದ. ನೀಲಿ ಎಂದ ಅಪ್ಪ. ಸಾವಕಾರ ಕೈಯನ್ನು ಸರಿಸಿ ಪಕ್ಕದಲ್ಲಿಟ್ಟು, ಇದು ಯಾವುದು ಎಂದ. ಅದೂ ನೀಲಿನ ಅಲ್ಲೇನ್ರಿ ಎಂದ ಅಪ್ಪ. ಒಬ್ಬ ವ್ಯಾಪಾರಿ ನಕ್ಕು, ಅಪ್ಪನ ಕಣ್ಣು ನೋಡಿ ಬಾಯಿ ಮುಚ್ಚಿಕೊಂಡ. ಸಾವಕಾರ ಸೀರೆ ಮಡಚಿ, ತನ್ನ ಆಳನ್ನು ಕರೆದು, ಹಿರ್ಯಾನ್ನ ಕೈ ಹಿಡಿದ ಮನಿ ಮುಟ್ಟಿಸಿ ಬಾ ಎಂದ. ಬನಹಟ್ಟಿಯಿಂದ ರಬಕವಿಯ ತನಕ, ಹಾಡಹಗಲು, ಎಲ್ಲ ಶೆಡ್ಡುಗಳ ಮುಂದೆ, ಅಪ್ಪನನ್ನು ಕೈ ಹಿಡಿದು ನಡೆಸಿಕೊಂಡು ಬಂದರು. ಅಣ್ಣ ಶೆಡ್ಡಿನ ಬಾಗಿಲಿನಲ್ಲಿ ನಿಂತು ನೋಡಿದ. ಹೊರಗೆ ಬರಲಿಲ್ಲವಂತೆ. ಅದನ್ನೂ ಅವನೇ ಹೇಳಿದ.

ಮನೆಗೆ ಬಂದು ಅಪ್ಪ ಮಗ್ಗದ ಹಗ್ಗ ತಾನೇ ಬಿಚ್ಚಿದ. ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ಕುಣಿಗೆ ಮಣ್ಣು ಹಾಕಿ ಎಂದ.

"ಮಿರಜದಾಗ ಖರೇ ಏನಂದ್ರು?" ಎಂದು ಅಣ್ಣ ಕೇಳಿದ.

ಖರೆ ಹೇಳಿದೆ. ಕಂಡಿಕಿಯ ಮಾತನ್ನೂ ಹೇಳಿದೆ: ಗೆಳತಿಯ ಮನೆ, ಇಳಿಹೊತ್ತು, ಕಂದೀಲು. ಅಣ್ಣ ಬೇವಿನ ಕಾಂಡದಿಂದ ತೊಗಟೆ ಕೀಳುತ್ತ ಕೇಳಿದ. ಅವನು ಹೊಡೆಯಬೇಕೆಂದು ನಾನು ಕಾದೆ. ನಾನು ಮನೆಗೆ ಬಂದು ಅಪ್ಪನ ಮುಂದೆ ಎಲ್ಲ ಹೇಳುತ್ತೇನೆ, ತಪ್ಪು ನಿನ್ನದಲ್ಲ ನನ್ನದು ಎನ್ನುತ್ತೇನೆ ಎಂದೆ.

"ಹೇಳಬ್ಯಾಡ," ಎಂದ ಅಣ್ಣ. "ಹೇಳಿದ್ರ ಅಪ್ಪ ನಾಳೇನ ಮತ್ತ ಕುಣ್ಯಾಗ ಇಳೀತಾನ. ತನ್ನ ಕೈ ತಪ್ಪಿಲ್ಲ ಅಂತ ಗೊತ್ತಾದ್ರ ಅಂವ ಕುಂಡ್ರಾಂವಲ್ಲ. ಹಗಲೆಲ್ಲಾ ಅವನ ಮುಂದ ಯಾರ ಇರವ್ರು? ಅವ್ವ ಕೆಲಸ ಬಿಡಬೇಕ, ಇಲ್ಲಾ ನೀ ಇದನ್ನ ಬಿಡಬೇಕ. ಬಿಡತಿ?"

ನಾನು ಗೇಟಿನ ಕಡೆ ತಿರುಗಿದೆ. ಅದೇ ಉತ್ತರ ಎಂದು ತಿಳಿದು ಅಣ್ಣ ಬಸ್ಸಿಗೆ ಹೋದ.

ಅಮಾವಾಸ್ಯೆಗೆ ಎರಡು ದಿನ ರಜೆ ಕೊಟ್ಟಾಗ ಊರಿಗೆ ಹೋದೆ. ಕುಣಿ ತುಂಬಿಸಿ ಸಗಣಿ ಸಾರಿಸಿದ್ದರು. ಹೊಸ ಮಣ್ಣು ತಗ್ಗಿ ಅಲ್ಲಿ ಸ್ವಲ್ಪ ತೇವ ನಿಂತಿತ್ತು. ಅಪ್ಪ ಗೋಡೆಗೆ ಒರಗಿ ಕೂತಿದ್ದ. ನನ್ನ ಹೆಜ್ಜೆ ಗುರುತು ಹಿಡಿದು, ಬಂದೇನ ಯವ್ವಾ ಎಂದ. ಅಲ್ಲಿ ಊಟ ಹೇಗೆ, ಬಾಯಾರು ಹೇಗೆ, ರಾತ್ರಿ ಬಾಗಿಲು ಹಾಕುತ್ತಾರೋ ಇಲ್ಲವೋ ಎಂದು ಒಂದೊಂದೇ ಕೇಳಿದ. ಕವಾಯತಿನ ಮಾತು ಹೇಳಿ ನಗಿಸಬೇಕೆಂದುಕೊಂಡು ಬಂದಿದ್ದೆ, ಹೇಳಲಿಲ್ಲ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಣ್ಣ ಬಾಗಿಲಲ್ಲಿ ಕೂತಿದ್ದ, ನನ್ನ ಮುಖವನ್ನೇ ನೋಡುತ್ತಿದ್ದ.

ಅಪ್ಪ ಕೇಳಿದ. "ಆ ಕಂಡಿಕಿ ನೀ ಹಗಲಾಗ ಆರಿಸಿದ್ದಿ, ಹೌದಿಲ್ಲ?"

ಬೇರೆ ಏನನ್ನೂ ಅವನು ಕೇಳಲಿಲ್ಲ. ಹದಿನೈದು ದಿನ ಆ ಗೋಡೆಗೆ ಒರಗಿ ಕೂತು ಅವನು ಎಣಿಸಿ ಎಣಿಸಿ ಇದೊಂದು ಪ್ರಶ್ನೆಗೆ ಬಂದು ನಿಂತಿದ್ದನೆಂದು ನನಗೆ ತಿಳಿಯಿತು. ಇಲ್ಲ ಎಂದರೆ ಅವನ ಕೈ ಅವನಿಗೆ ಸಿಗುತ್ತಿತ್ತು.

"ಹೂಂನಪಾ," ಎಂದೆ. "ಹಗಲಾಗ."

"ಹಂಗಾರ ನನ್ನ ಕೈನ ತಪ್ಪೇತಿ," ಎಂದ ಅಪ್ಪ. "ಎಡಕ್ಕಿಂದು ಬಲಕ್ಕ ಹೋಗೇತಿ."

ಅವ್ವ ತಾಟು ತಂದು ಮುಂದಿಟ್ಟಳು. ಅಲ್ಲಿಯ ತನಕ ಅಪ್ಪ ಯಾರನ್ನೂ ಕೇಳದೆ ಉಣ್ಣುತ್ತಿದ್ದ. ರೊಟ್ಟಿ ಎಲ್ಲಿ, ಪಲ್ಯ ಎಲ್ಲಿ, ನೀರಿನ ತಂಬಿಗೆ ಎಲ್ಲಿ ಎಂಬುದು ಕೈಗೆ ಗೊತ್ತಿತ್ತು. ಆ ದಿನ ಕೈಯನ್ನು ತೊಡೆಯ ಮೇಲಿಂದ ಎತ್ತಲಿಲ್ಲ. ರೊಟ್ಟಿ ಯಾ ಕಡೆ ಐತಿ ಎಂದು ಅವ್ವನನ್ನು ಕೇಳಿದ. ಅವ್ವ ಅವನ ಕೈ ಹಿಡಿದು ರೊಟ್ಟಿಯ ಮೇಲಿಟ್ಟಳು. ಇದು ರೊಟ್ಟಿನ ಹೌದಿಲ್ಲೋ ಎಂದು ಮತ್ತೊಮ್ಮೆ ಕೇಳಿ, ಹೌದು ಎಂದ ಮೇಲೆ ಮುರಿದ.

ಎರಡು ವರ್ಷ ಮುಗಿಸಿ ನಾನು ಲೋಕಾಪುರದ ಹತ್ತಿರದ ಶಾಲೆಯೊಂದರಲ್ಲಿ 'ಬಾಯಾರು' ಆದೆ. ಅಷ್ಟರಲ್ಲಿ ಅಪ್ಪನಿಗೆ ಹಗಲು ರಾತ್ರಿಯೂ ತಿಳಿಯದಾಗಿತ್ತು. ರಜೆಗೆ ಹೋದಾಗಲೆಲ್ಲ ನಾನೇ ಉಣ್ಣಿಸುತ್ತಿದ್ದೆ. ಪ್ರತಿ ತುತ್ತಿಗೂ ಇದೇನು ಎಂದು ಕೇಳುತ್ತಿದ್ದ, ನಾನು ಹೇಳುತ್ತಿದ್ದೆ, ನಾನು ಹೇಳಿದ್ದನ್ನು ಅವನು ನಂಬುತ್ತಿದ್ದ.